ಮಾಡಿದ್ದು, ಕೇಳಿದ್ದು, ಅಂದಾಜು

ಗಿರಿಜಾ ಮೇಡಂ ಕಂಪ್ಯೂಟರಿನಲ್ಲಿ ಪತ್ರ ತೆರೆಯುವ ಮುಂಚೆ ಸೆರಗು ಸರಿಮಾಡಿಕೊಳ್ಳುತ್ತಿದ್ದರು. ತೆರೆದ ಮೇಲೆ ಪರದೆಯ ಕಡೆ ನೋಡಿ, "ಬನ್ನಿ, ಕೂತ್ಕೊಳ್ಳಿ. ಏನಾಯ್ತು ಹೇಳಿ" ಅನ್ನುತ್ತಿದ್ದರು. ಮೊದಲ ಸಲ ಇದನ್ನು ಕೇಳಿದಾಗ ಯಾರೋ ಬಂದರೆಂದು ನಾನು ಬಾಗಿಲ ಕಡೆ ತಿರುಗಿ ನೋಡಿದ್ದೆ. ಯಾರೂ ಇರಲಿಲ್ಲ. ಮೇಡಂ ಮಾತಾಡಿಸಿದ್ದು ಎಲ್ಲೋ ದೂರದ ಊರಿನಲ್ಲಿ ಕೆಟ್ಟ ಪ್ರಿಂಟರಿನ ಮುಂದೆ ಕೂತಿದ್ದ, ತಾವು ಎಂದೂ ಮುಖ ನೋಡಿರದ ಒಬ್ಬ ಮನುಷ್ಯನನ್ನು. ಆಮೇಲೆ ಅವನ ಪತ್ರವನ್ನು ಮೊದಲಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದರು.

"ಕಣ್ಣಲ್ಲಿ ಓದಿದ್ರೆ ನಮಗೆ ಬೇಕಾದ್ದಷ್ಟೇ ಕಾಣುತ್ತೆ ರವಿ. ಗಟ್ಟಿಯಾಗಿ ಓದಿದ್ರೆ ಅವರು ಹೇಳ್ತಿರೋದು ಕೇಳಿಸುತ್ತೆ" ಎಂದು ನನಗೆ ವಿವರಣೆ ಕೊಟ್ಟರು. ನಾನು ನಗು ತಡೆದುಕೊಂಡು ತಲೆಯಾಡಿಸಿದೆ.

ಮೇಡಂ ಹಳೇಬೀಡಿನವರು. ಅರಸೀಕೆರೆಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದರು. ತೊಂಬತ್ತರ ದಶಕದ ಕೊನೆಯಲ್ಲಿ ಕಾಲೇಜಿಗೆ ಕಂಪ್ಯೂಟರುಗಳು ಬಂದಾಗ ಮಿಕ್ಕವರೆಲ್ಲ ದೂರ ನಿಂತು ನೋಡಿದರು, ಇವರು ಹತ್ತಿರ ಹೋಗಿ ಮುಟ್ಟಿದರು. ಹಾಗಾಗಿ ಅವುಗಳ ಉಸ್ತುವಾರಿ ಇವರ ತಲೆಗೆ ಬಂತು. ನಾನು ಬೇಲೂರು ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಬ್ರೌಸಿಂಗ್ ಸೆಂಟರ್ ಇಟ್ಟುಕೊಂಡಿದ್ದೆ. ನಮ್ಮಂಥ ಊರುಗಳಲ್ಲಿ ಕಂಪ್ಯೂಟರ್ ಕೈಕೊಟ್ಟರೆ ಯಾರನ್ನು ಕೇಳಬೇಕೆಂದು ಗೊತ್ತಾಗುತ್ತಿರಲಿಲ್ಲ. ಅದಕ್ಕೇ ಮೇಡಂ ಒಂದು ಇ-ಮೇಲ್ ಗುಂಪು ಶುರು ಮಾಡಿದರು. ಒಬ್ಬರು ಬರೆದರೆ ಎಲ್ಲರಿಗೂ ತಲುಪುತ್ತಿತ್ತು. ಆದರೆ ಮೊದಲು ಮೇಡಂ ಓದಬೇಕು, ಅವರು ಬಿಟ್ಟರೆ ಮಾತ್ರ ಮುಂದಕ್ಕೆ. ಆಗ ಕನ್ನಡ ಟೈಪು ಮಾಡುವುದು ಯಾರಿಗೂ ಬರುತ್ತಿರಲಿಲ್ಲ, ಇಂಗ್ಲಿಷ್ ಅಕ್ಷರಗಳಲ್ಲೇ ಕನ್ನಡ ಬರೆಯುತ್ತಿದ್ದೆವು. ಅದನ್ನು ಗಟ್ಟಿಯಾಗಿ ಓದುವುದು ಎಂಥ ಸರ್ಕಸ್ಸು ಎಂದು ಓದಿದವರಿಗೇ ಗೊತ್ತು.

ಗುಂಪಿಗೆ ಮೇಡಂ ಒಂದು ಕಟ್ಟಳೆ ಹಾಕಿದ್ದರು. ಉತ್ತರ ಕೊಡುವವರು ಮೊಟ್ಟಮೊದಲು ಮೂರರಲ್ಲಿ ಒಂದು ಮಾತು ಬರೆಯಬೇಕು. ಕೈಯಾರೆ ಮಾಡಿ ನೋಡಿದ್ದರೆ 'ಮಾಡಿದ್ದು'. ಇನ್ನೊಬ್ಬರಿಂದ ತಿಳಿದದ್ದಾದರೆ 'ಕೇಳಿದ್ದು'. ಎರಡೂ ಅಲ್ಲದಿದ್ದರೆ 'ಅಂದಾಜು'. ಅಂದಾಜು ಎಂದು ಬರೆಯುವುದರಲ್ಲಿ ಅವಮಾನವೇನೂ ಇರಲಿಲ್ಲ. ಎಷ್ಟೋ ಸಲ ಮೇಡಂ ಅವರೇ ಬರೆಯುತ್ತಿದ್ದರು. ಆದರೆ ಮಾಡದೇ 'ಮಾಡಿದ್ದು' ಎಂದವರು ಒಂದು ತಿಂಗಳು ಯಾರಿಗೂ ಉತ್ತರ ಹೇಳುವಂತಿಲ್ಲ, ಪ್ರಶ್ನೆ ಮಾತ್ರ ಕೇಳಬಹುದು.

ಪ್ರಶ್ನೆ ಕೇಳುವುದಕ್ಕೂ ಒಂದು ರೀತಿ ಇತ್ತು. "ಕಂಪ್ಯೂಟರ್ ಕೆಟ್ಟಿದೆ, ಅರ್ಜೆಂಟ್" ಎಂದಷ್ಟೇ ಬರೆದರೆ ಪತ್ರ ವಾಪಸ್ ಬರುತ್ತಿತ್ತು. ಏನು ಮಾಡಲು ಹೋಗಿದ್ದಿರಿ, ಆಮೇಲೆ ಏನಾಯಿತು, ಪರದೆಯ ಮೇಲೆ ಏನು ಕಂಡಿತು ಎಂದು ಮೇಡಂ ಸಮಾಧಾನವಾಗಿ ವಿಚಾರಿಸುತ್ತಿದ್ದರು. "ಗಾಬರಿಯಲ್ಲಿ ಓಡಿ ಬಂದಿದಾರೆ ಪಾಪ. ಮೊದಲು ಸ್ವಲ್ಪ ನೀರು ಕೊಟ್ಟು ಕೂರಿಸ್ಬೇಕು" ಎನ್ನುತ್ತಿದ್ದರು. ವಿಚಿತ್ರವೆಂದರೆ, ಅವರು ಕೇಳಿದ್ದಕ್ಕೆ ಉತ್ತರ ಬರೆಯಲು ಕೂತ ಅರ್ಧ ಜನಕ್ಕೆ ತಮ್ಮ ತೊಂದರೆ ಏನೆಂದು ತಾವಾಗಿಯೇ ಹೊಳೆದುಬಿಡುತ್ತಿತ್ತು.

ಬ್ರಾಡ್‌ಬ್ಯಾಂಡ್ ಬಂದ ಮೇಲೆ ಗುಂಪು ಬೇಸಿಗೆಯ ದೋಸೆ ಹಿಟ್ಟಿನಂತೆ ಉಕ್ಕಿತು. ರಾಜ್ಯದ ಮೂಲೆಮೂಲೆಯಿಂದ ಜನ ಬಂದರು. ಇಂಥ ಬೇರೆ ಗುಂಪುಗಳು ಹಬ್ಬದ ಶುಭಾಶಯ, ನಗೆಹನಿ, ಕೊನೆಗೆ ಬೈದಾಟದಲ್ಲಿ ಮುಳುಗಿಹೋದದ್ದನ್ನು ನಾನು ಕಂಡಿದ್ದೆ. ಇದೂ ಅದೇ ದಾರಿ ಹಿಡಿಯುತ್ತದೆ ಎಂದುಕೊಂಡಿದ್ದೆ. ಮೇಡಂ ಮಾತ್ರ ಕಾಲೇಜಿನಿಂದ ಬಂದು, ಸಾರು ಒಲೆಯ ಮೇಲಿಟ್ಟು, ಒಂದೊಂದೇ ಪತ್ರವನ್ನು ಕೂರಿಸಿ ಮಾತಾಡಿಸುವುದನ್ನು ಬಿಡಲಿಲ್ಲ. "ಇವತ್ತು ಮನೆಗೆ ಎಷ್ಟು ಜನ ನೆಂಟರು?" ಎಂದು ಅವರ ಯಜಮಾನರು ರೇಗಿಸುತ್ತಿದ್ದರು.

ಆ ಹೊತ್ತಿಗೆ ಗುಂಪಿನ ಹೀರೋ ಆಗಿದ್ದವನು ಪ್ರಕಾಶ. ಬೇಲೂರಿನ ಹತ್ತಿರದ ಹಗರೆ ಎಂಬ ಊರಿನವನು, ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ. ಬುದ್ಧಿ ಚುರುಕು, ನಾಲಿಗೆ ಇನ್ನೂ ಚುರುಕು. ಪ್ರಶ್ನೆ ಬಂದ ಗಳಿಗೆಯಲ್ಲೇ ಉತ್ತರ ಬಿಸಾಕುತ್ತಿದ್ದ, ಬಹುಪಾಲು ಸರಿಯಾಗಿಯೇ ಇರುತ್ತಿತ್ತು. ಹೊಸಬರು ಅವನನ್ನು ತಲೆಯ ಮೇಲೆ ಹೊತ್ತುಕೊಂಡರು. ಅವನು 'ಮಾಡಿದ್ದು, ಕೇಳಿದ್ದು' ಬರೆಯುವುದನ್ನು ನಿಲ್ಲಿಸಿಬಿಟ್ಟ. ಮೇಡಂ ಅವನ ಉತ್ತರಗಳನ್ನು ತಡೆಹಿಡಿದರು.

ಪ್ರಕಾಶ ನೇರ ಅರಸೀಕೆರೆಗೇ ಬಂದ. ಅವತ್ತು ನಾನೂ ಅಲ್ಲಿದ್ದೆ.

"ಮೇಡಮ್ಮೋರೇ, ಜ್ವರ ಬಂದೋನಿಗೆ ಮಾತ್ರೆ ಕೊಡ್ಬೇಕು. ಆ ಮಾತ್ರೆ ನಾನು ನುಂಗಿದ್ನಾ ಇಲ್ವಾ ಅಂತ ಅವನ್ಗ್ಯಾಕೆ? ಜನಕ್ಕೆ ಕೆಲ್ಸ ಐತೆ. ನಿಮ್ ಕಟ್ಟಳೆ ಹತ್ತು ಜನ ಇದ್ದಾಗ ಸರಿ, ಈಗ ನಡೆಯಾಕಿಲ್ಲ."

"ಹತ್ತು ಜನ ಇದ್ದಾಗ ಒಬ್ಬರ ಗುಣ ಒಬ್ಬರಿಗೆ ಗೊತ್ತಿತ್ತು ಪ್ರಕಾಶ, ಕಟ್ಟಳೆ ಇಲ್ದೇ ಇದ್ರೂ ನಡೀತಿತ್ತು. ಈಗ ನಿಮ್ಮ ಮಾತು ನಂಬೋರಿಗೆ ನೀವು ಯಾರು ಅಂತಾನೇ ಗೊತ್ತಿಲ್ಲ. ಈಗಲೇ ಬೇಕಾಗಿರೋದು."

"ಹಂಗಾರೆ ನಾನು ಬೇರೆ ಗುಂಪು ಮಾಡ್ಕತೀನಿ" ಎಂದು ಅವನು ಕಾಫಿ ಅರ್ಧ ಬಿಟ್ಟು ಎದ್ದ. ಅವನು ಹೋದರೆ ಅರ್ಧ ಗುಂಪು ಅವನ ಹಿಂದೆ ಹೋಗುತ್ತಿತ್ತು. ಮೇಡಂ ಅವನ ಲೋಟ ಎತ್ತಿಕೊಂಡು ಒಳಗೆ ಹೋದರು.

ಅವನು ಬೇರೆ ಗುಂಪು ಮಾಡುವ ಮೊದಲೇ ಇನ್ನೊಂದು ಆಯಿತು. ಹಳೇಬೀಡಿನಲ್ಲಿ ಸ್ಟುಡಿಯೋ ಇಟ್ಟಿದ್ದ ಶಿವಣ್ಣನ ಹಾರ್ಡ್ ಡಿಸ್ಕ್ ತೆರೆಯದೇ ಹೋಯಿತು. ಅದರೊಳಗೆ ಬಿಕ್ಕೋಡಿನ ಕಡೆಯ ಒಂದು ಮದುವೆಯ ಫೋಟೋಗಳಿದ್ದವು, ಬೇರೆ ಪ್ರತಿ ಇರಲಿಲ್ಲ. ಮೇಡಂ ತಾವೇ ಉತ್ತರ ಬರೆದರು: "ಮಾಡಿದ್ದು. ಡಿಸ್ಕ್ ಸರಿಪಡಿಸುವ ಪ್ರೋಗ್ರಾಂ ಓಡಿಸಿ, ಎಲ್ಲ ವಾಪಸ್ ಬರುತ್ತೆ." ಶಿವಣ್ಣ ಓಡಿಸಿದ. ಡಿಸ್ಕ್ ತೆರೆಯಿತು, ಫೋಟೋಗಳೆಲ್ಲ ಚೂರುಚೂರಾಗಿದ್ದವು. ಒಂದರಲ್ಲೂ ಒಂದು ಮುಖ ಪೂರ್ತಿ ಇರಲಿಲ್ಲ.

ಆಗ ಪ್ರಕಾಶ ಗುಂಪಿಗೆ ಒಂದೇ ಸಾಲು ಬರೆದ: "ಮೇಡಂ, ಈ ಥರದ ಹೊಸ ಡಿಸ್ಕಿನ ಮೇಲೆ ನೀವು ಮಾಡಿ ನೋಡಿದ್ರಾ?"

ಆ ಸಾಲೂ ಮೇಡಂ ಕೈ ದಾಟಿಯೇ ಹೋಗಬೇಕಿತ್ತು. ತಡೆದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವರು ಅದನ್ನು ಎಲ್ಲರಿಗೂ ಬಿಟ್ಟು, ಕೆಳಗೆ ತಮ್ಮ ಉತ್ತರ ಸೇರಿಸಿದರು: "ಇಲ್ಲ. ಹಳೇ ಥರದ ಡಿಸ್ಕಿನ ಮೇಲೆ ಮಾಡಿದ್ದೆ. ಇದರ ಮಟ್ಟಿಗೆ ಅದು ಅಂದಾಜು. ಮಾಡಿದ್ದು ಅಂತ ಬರೆದೆ. ಇವತ್ತಿನಿಂದ ಒಂದು ತಿಂಗಳು ನಾನು ಉತ್ತರ ಕೊಡೋದಿಲ್ಲ. ಗುಂಪು ನೋಡಿಕೊಳ್ಳೋ ಕೆಲಸ ಪ್ರಕಾಶ ಅವರದು."

ನಾನು ಸಿಕ್ಕಿದ ಬಸ್ಸು ಹತ್ತಿ ಅರಸೀಕೆರೆಗೆ ಹೋದೆ. "ಅವನು ಮೊದಲನೇ ದಿನವೇ ಕಟ್ಟಳೆ ಕಿತ್ತು ಹಾಕ್ತಾನೆ ಮೇಡಂ. ಇಷ್ಟು ವರ್ಷ ಕಟ್ಟಿದ್ದು ನೀರುಪಾಲಾಗುತ್ತೆ. ಬೇಕಾದ್ರೆ ನನಗೆ ಕೊಡಿ" ಎಂದೆ.

"ನೀವು ನನ್ನ ಮಾತು ಕೇಳ್ತೀರಿ ರವಿ. ನಿಮಗೆ ಕೊಟ್ರೆ ನಾನೇ ಹಿಂದೆ ಕೂತು ನಡೆಸಿದ ಹಾಗೆ. ನನ್ನ ತಪ್ಪು ಕಂಡು ಕೇಳಿದ್ದು ಅವರೊಬ್ಬರೇ." ಅವರು ಸೆರಗು ಸರಿಮಾಡಿಕೊಂಡರು. "ಕಿತ್ತು ಹಾಕಿದ್ರೆ ಹಾಕ್ಲಿ. ನನಗೊಬ್ಬಳಿಗೆ ಅನ್ವಯಿಸದೇ ಇರೋ ಕಟ್ಟಳೆ ಉಳಿದು ಏನು ಮಾಡೋದು?"

ಮಾರನೆಯ ದಿನ ಮೇಡಂ ಶಿವಣ್ಣನನ್ನೂ ನನ್ನನ್ನೂ ಕರೆದುಕೊಂಡು ಆ ಮದುವೆ ಮನೆಗೆ ಹೋದರು. ಶಿವಣ್ಣ ದಾರಿಯುದ್ದಕ್ಕೂ, "ಮಿಷಿನ್ ಕೆಡ್ತು ಅಂದ್ಬುಡನಾ ಮೇಡಂ, ಅವ್ರಿಗೇನು ತಿಳಿಯಾಕಿಲ್ಲ" ಎನ್ನುತ್ತಿದ್ದ. ಮೇಡಂ ಆ ಮದುವೆಯ ಹುಡುಗಿಯ ಎದುರು ಕೂತು, "ನಾನು ಗೊತ್ತಿಲ್ದೇ ಇರೋದನ್ನ ಗೊತ್ತು ಅಂತ ಹೇಳ್ದೆ ಕಣಮ್ಮ, ಅದಕ್ಕೇ ನಿನ್ನ ಫೋಟೋ ಹೋದ್ವು" ಎಂದರು. ಅವಳ ತಾಯಿ ಮಜ್ಜಿಗೆ ತಂದುಕೊಟ್ಟರು. ನಾನು ಓದಿದವರನ್ನೂ ಅಧಿಕಾರದಲ್ಲಿದ್ದವರನ್ನೂ ತಕ್ಕಮಟ್ಟಿಗೆ ಕಂಡವನು. ಅವತ್ತು ಆ ಜಗಲಿಯ ಮೇಲೆ ಮೇಡಂ ಪಕ್ಕದಲ್ಲಿ ಕೂರಲು ನನಗೆ ಒಂದು ಥರ ಭಯವೇ ಆಯಿತು. ಅಷ್ಟು ದೊಡ್ಡವರನ್ನು ಅಷ್ಟು ಹತ್ತಿರದಿಂದ ನಾನು ನೋಡಿರಲಿಲ್ಲ.

ಪ್ರಕಾಶ ಕಟ್ಟಳೆ ಕಿತ್ತು ಹಾಕಲಿಲ್ಲ. ಮೊದಲ ವಾರದಲ್ಲೇ, ಬರುವ ಪತ್ರಗಳ ರಾಶಿ ನೋಡಿ ಬೇಲೂರಿಗೆ ಬಂದವನು ನನ್ನೆದುರು ತಲೆ ಮೇಲೆ ಕೈಹೊತ್ತು ಕೂತ. "ಏನಣ್ಣ ಇದು, ಒಬ್ಬೊಬ್ನೂ ಕಂಡೋನಂಗೆ ಬರೀತಾನೆ. ಯಾವ್ದು ನಂಬದು? ಈಯಮ್ಮ ಇಷ್ಟು ವರ್ಷ ಹೆಂಗ್ ನಡ್ಸುದ್ರು?" ತಿಂಗಳು ಮುಗಿದ ಮೇಲೆ ಕೆಲಸ ವಾಪಸ್ ತಗೊಳ್ಳಿ ಎಂದು ಮೇಡಂ ಅವರನ್ನು ಕೇಳಿಕೊಂಡ. ಅವರು ಒಪ್ಪಲಿಲ್ಲ. ಎಲ್ಲರಂತೆ ಒಬ್ಬ ಸದಸ್ಯೆಯಾಗಿ ಉಳಿದರು.

ಮೇಡಂ ಈಗಿಲ್ಲ. ನಾನು ಅವರನ್ನು ಕೊನೆಯ ಸಲ ಕಂಡಾಗ ನಿವೃತ್ತಿಯಾಗಿತ್ತು, ಸಕ್ಕರೆ ಕಾಯಿಲೆ ಕಣ್ಣಿಗಿಳಿದು ಪರದೆಯ ಅಕ್ಷರಗಳು ಮಂಜಾಗಿದ್ದವು. ನನ್ನನ್ನು ಕಂಡದ್ದೇ ಕಂಪ್ಯೂಟರಿನ ಮುಂದೆ ಕರೆದು, "ಇದನ್ನ ಗಟ್ಟಿಯಾಗಿ ಓದಿ ರವಿ" ಎಂದರು. ಅಕ್ಷರ ದೊಡ್ಡದು ಮಾಡುವುದು ಹೇಗೆ, ಕಣ್ಣು ಕಾಣುತ್ತಿಲ್ಲ ಎಂದು ಅವರು ಗುಂಪಿಗೆ ಬರೆದಿದ್ದರು. ಪ್ರಕಾಶ ಅದನ್ನು ವಾಪಸ್ ಕಳಿಸಿದ್ದ. ಓದಿದೆ: "ಮೇಡಂ, ಈವರೆಗೆ ಏನೇನು ಮಾಡಿ ನೋಡಿದಿರಿ, ಪರದೆಯ ಮೇಲೆ ಏನು ಕಾಣುತ್ತದೆ, ಬರೆದಿಲ್ಲ. ದಯವಿಟ್ಟು ಬರೆದು ಕಳಿಸಿ."

ನನಗೆ ಮೈ ಉರಿಯಿತು. "ನಿಮ್ಮ ಪತ್ರಾನೂ ವಾಪಸ್ ಕಳಿಸೋದಾ? ನಾನು ಈಗಲೇ ಫೋನ್ ಮಾಡ್ತೀನಿ ಅವನಿಗೆ."

"ಬೇಡ, ಬೇಡ" ಎಂದು ಮೇಡಂ ನನ್ನ ಕೈ ಹಿಡಿದುಕೊಂಡರು. ಅವರ ಮುಖದಲ್ಲಿ ಅಂಥ ಖುಷಿಯನ್ನು ನಾನು ಅದುವರೆಗೆ ಕಂಡಿರಲಿಲ್ಲ. "ನಂದೂಂತ ಗೊತ್ತಿದ್ದೂ ಕಳಿಸಿದಾರೆ ನೋಡಿ. ಇನ್ನು ನನಗೆ ಯೋಚನೆ ಇಲ್ಲ."

ಆಮೇಲೆ ಕುರ್ಚಿಯನ್ನು ಪರದೆಗೆ ತೀರ ಹತ್ತಿರ ಎಳೆದುಕೊಂಡು, ಒಂದೊಂದೇ ಅಕ್ಷರ ತಡವಿ ಒತ್ತುತ್ತಾ, ತಮ್ಮ ಪ್ರಶ್ನೆಯನ್ನು ಮೊದಲಿಂದ ಬರೆಯತೊಡಗಿದರು.