ಕೆಂಪುಗೆನ್ನೆಯ ಆಮೆಗೆ ಗಂಡನ ಹೆಸರು

ಬೆಳಕು ಹರಿಯುತ್ತಿದೆ. ಎದೆಮಟ್ಟದ ರಬ್ಬರ್ ಪ್ಯಾಂಟು ತೊಟ್ಟ ನಮ್ಮೂರ ಸೊಸೆ ಪೆಂಗ್ ಯುನ್-ಜಿಯಾವ್ ಗುವಾನ್‌ಯಿನ್ ದೇವಿಯ ಗುಡಿಯ ಹಿಂದಿನ ಕೆರೆಗೆ ಆಗಲೇ ಇಳಿದಿದ್ದಾರೆ. ಬಲೆ ಎತ್ತಿದರೆ ಒಂದರ ಮೇಲೊಂದು ಕೆಂಪುಗೆನ್ನೆಯ ಆಮೆಗಳು. ಒಂದರ ಚಿಪ್ಪಿನ ಮೇಲೆ ‘ಮಗ ಪಾಸಾಗಲಿ’ ಎಂಬ ಬರಹ.

“ಅವನು ಪಾಸಾದ್ನೋ ಇಲ್ವೋ, ಇದಂತೂ ಚೆನ್ನಾಗಿ ಮೇದಿದೆ,” ಎನ್ನುತ್ತಾ ಅದನ್ನು ಬಕೆಟ್ಟಿಗೆ ಹಾಕುತ್ತಾರೆ.

ಸೆರೆಯಲ್ಲಿದ್ದ ಜೀವಿಯನ್ನು ಬಿಡುಗಡೆ ಮಾಡಿದರೆ ಪುಣ್ಯವೆಂದು ಆಮೆ ಕೊಂಡು, ಹೆಸರು ಬರೆಸಿ ಕೆರೆಗೆ ಬಿಡುವವರು ನಾವು. ಅಂಗಡಿಯ ಈ ಆಮೆಗಳ ತವರು ಅಮೆರಿಕ. ಇಲ್ಲಿ ಮರಿ ಮಾಡಿಕೊಂಡು, ಬಿಸಿಲು ಕಾಯುವ ಕಲ್ಲುಗಳನ್ನೆಲ್ಲ ಹಿಡಿದು ಕೂತಿವೆ. ಈ ಕೆರೆಯದೇ ಆದ ಗೆರೆಕತ್ತಿನ ಆಮೆಗೆ ಕಾಲೂರಲು ಜಾಗವಿಲ್ಲ. ಕಾಲುವೆಯ ಕಳೆ ಕೀಳುವ ಕೂಲಿ ಯುನ್-ಜಿಯಾವ್ ಅದನ್ನು ಕಂಡು ತಾವೇ ಬಲೆ ಹೆಣೆದರು. ಊರು ಅವರಿಗೆ ‘ಪುಣ್ಯಗಳ್ಳಿ’ ಎಂದು ಹೆಸರಿಟ್ಟಿತು. ಅವರೇನೂ ಬಲೆ ಹಾಕುವುದನ್ನು ನಿಲ್ಲಿಸಲಿಲ್ಲ.

ಹೋದ ತಿಂಗಳು ಬಲೆಗೆ ಬಿದ್ದ ಆಮೆಯ ಬೆನ್ನ ಮೇಲೆ ಗಂಡ ವೆನ್-ಗುವಾಂಗ್‌ನ ಹೆಸರಿತ್ತು. ಅವನ ಎದೆಯ ಆಪರೇಷನ್ ದಿನ ಅತ್ತೆ ತ್ಸೈ-ಫೆಂಗ್ ಹರಕೆ ಹೊತ್ತು ಬಿಟ್ಟದ್ದು.

“ವಾಪಸ್ ಬಿಟ್ರೆ ಯಾರಿಗೆ ಗೊತ್ತಾಗುತ್ತೆ? ಆದ್ರೆ ಊರವರದನ್ನೆಲ್ಲ ಎತ್ತಿ ನಮ್ಮನೇದು ಬಿಟ್ರೆ, ನಾಳೆ ಯಾವ ಮುಖ ಇಟ್ಕೊಂಡು ಕೆರೆಗಿಳೀಲಿ?” ಎನ್ನುತ್ತಾರೆ ಯುನ್-ಜಿಯಾವ್.

ಮನೆಗೆ ತಂದರು. ಅತ್ತೆ ಅನ್ನದ ಬಟ್ಟಲು ಪಕ್ಕಕ್ಕೆ ತಳ್ಳಿದರು. “ನನ್ನ ಮಗನ ಆಯಸ್ಸಿಗೇ ಕೈ ಹಾಕ್ದೆಯಲ್ಲೇ!”

“ಅತ್ತೆ, ಬದುಕ್ಲಿ ಅಂತ ತಾನೇ ಬಿಟ್ಟಿದ್ದು? ಮಿಕ್ಕವೆಲ್ಲ ಇರೋ ಹಿತ್ತಲ ತೊಟ್ಟೀಲೂ ಬದುಕುತ್ತೆ. ನಾನು ಯಾವ್ದನ್ನೂ ಕೊಲ್ಲಲ್ಲ. ನಂಬ್ದಿದ್ರೆ ನೀವೇ ಮೇಯ್ಸಿ.”

ಅತ್ತೆ ನಂಬಲಿಲ್ಲ, ಅದಕ್ಕೇ ಮೇಯಿಸುತ್ತಿದ್ದಾರೆ. ದಿನಾ ಗೆಣಸಿನ ಸೊಪ್ಪು ಹಾಕಿ ಆ ಒಂದು ಆಮೆಯನ್ನು ಮಾತ್ರ ಬಯ್ಯುತ್ತಾರೆ: “ನಿಧಾನ ತಿನ್ನೋ, ಹೊಟ್ಟೆಬಾಕ!” ವೆನ್-ಗುವಾಂಗ್ ಗಟ್ಟಿಮುಟ್ಟಾಗಿಯೇ ಹೊಲಕ್ಕೆ ಹೋಗಿಬರುತ್ತಿದ್ದಾನೆ.

ಇಂದು ಹುಣ್ಣಿಮೆ, ಆಮೆ ಬಿಡುವ ದಿನ. ಯುನ್-ಜಿಯಾವ್ ದಂಡೆ ಹತ್ತಿ, ಕೆರೆ ನಡುವಿನ ಕಲ್ಲೊಂದನ್ನು ತೋರಿಸುತ್ತಾರೆ. ಅದರ ಮೇಲೆ ಗೆರೆಕತ್ತಿನ ಪುಟ್ಟ ಆಮೆಯೊಂದು ಕತ್ತು ಚಾಚಿ ಕೂತಿದೆ. “ಆ ಕಲ್ಲು ಅದಕ್ಕೇ ಉಳೀಬೇಕು. ನಂಗಿನ್ನೇನೂ ಬೇಡ,” ಎನ್ನುತ್ತಾರೆ.

ಅಷ್ಟರಲ್ಲಿ ಒಬ್ಬ ಹೆಂಗಸು ಬಕೆಟ್ ಹಿಡಿದು ಗುಡಿಯ ಬಾಗಿಲಿಗೆ ಬರುತ್ತಾಳೆ. ಮೆಟ್ಟಿಲ ಮೇಲೆ ಕೂತಿದ್ದ ತ್ಸೈ-ಫೆಂಗ್ ಊರುಗೋಲು ಅಡ್ಡ ಹಿಡಿಯುತ್ತಾರೆ.

“ಯಾರ ಹೆಸರು ಬರ್ಸಿದ್ದೀಯಮ್ಮ?”

“ನನ್ನ ಮಗಳದು, ಅಜ್ಜಿ. ಹುಷಾರಿಲ್ಲ.”

“ಹಾಗಾದ್ರೆ ಕೆರೆಗೆ ಹಾಕ್ಬೇಡ. ನನ್ನ ಸೊಸೆ ಕೈಲಿ ಕೊಡು. ನನ್ನ ಮಗನೂ ಅವಳ ಹತ್ರಾನೇ ಇದಾನೆ.”