ವೈಜನಾಥ ಉಳಿಸಿದ ಒಂದು ರಜೆ

ಆರಡಿ ಮೂರಿಂಚು ಎತ್ತರದ ವೈಜನಾಥನಿಗೆ ನಾಂಪಲ್ಲಿಯ ಸರ್ಕಾರಿ ಕಚೇರಿಯಲ್ಲಿ ನೌಕರಿ ಸಿಕ್ಕಿದ್ದೇ ಬ್ಯಾಸ್ಕೆಟ್‌ಬಾಲ್ ಆಡಲಿಕ್ಕೆ. ಹನ್ನೆರಡು ವರ್ಷ ಅವನು ಮಧ್ಯಾಹ್ನ ಮೂರಕ್ಕೆ ಫೈಲು ಮುಚ್ಚಿ ಮೈದಾನಕ್ಕೆ ಹೊರಟುಬಿಡುತ್ತಿದ್ದ. ಅವನ ತಂಡ ಮಾತ್ರ ಒಮ್ಮೆಯೂ ಲೀಗ್ ದಾಟಿದ್ದಿಲ್ಲ. ೧೯೮೩ರಲ್ಲಿ ಕಚೇರಿಯ ಸಾಹೇಬರು ಹೇಳಿಯೇಬಿಟ್ಟರು: ಈ ಸಲ ಮೊದಲ ನಾಲ್ಕರಲ್ಲಿ ಬಂದು ಸೆಮಿಫೈನಲ್ ಸೇರದಿದ್ದರೆ ತಂಡ ರದ್ದು, ಎಲ್ಲರಿಗೂ ಸಂಜೆ ಐದರವರೆಗೆ ಕುರ್ಚಿ.

ಲೀಗಿನ ಕಡೆಯ ಪಂದ್ಯವನ್ನು ತಂಡ ಗೆದ್ದಿತು. ನಾಯಕ ವೈಜನಾಥ ಬೆವರು ಒರೆಸಿಕೊಳ್ಳುತ್ತ ಪಟ್ಟಿ ನೋಡಿದ. ತಾವು ಸೋಲಿಸಿದ್ದ ನಾಲ್ಕನೆಯ ತಂಡಕ್ಕಿಂತ ಒಂದೇ ಅಂಕ ಕಡಿಮೆ, ಐದನೆಯ ಸ್ಥಾನ.

"ಸೋತವರಿಗೂ ಒಂದು ಅಂಕ ಐತ್ರಿ," ಎಂದರು ಪಟ್ಟಿ ಬರೆಯುವ ಪ್ರಾಣೇಶರಾಯರು. "ಮೈದಾನಕ್ಕ ಬರದವರಿಗೆ ಅಷ್ಟ ಸೊನ್ನಿ. ಚಾಂಪಿಯನ್ನರ ಜೋಡಿ ಮ್ಯಾಚಿಗೆ ನೀವು ಬರಲೇ ಇಲ್ಲಲ್ಲ?"

"ಅದು ಮುಂಜಾನಿ ಮ್ಯಾಚಿತ್ತರಿ. ಹೆಂಗೂ ಸೋಲತೀವಿ, ಸುಮ್ಮನ ಒಂದು ರಜಾ ಯಾಕ ಹಾಳು ಮಾಡೋದು ಅಂತ ನಾನ ಎಲ್ಲಾರಿಗೂ ಹೇಳಿದ್ದೆ."

"ರಜಾ ಉಳೀತಲ್ಲ, ಬಿಡ್ರಿ."

ಉಳಿದಿತ್ತು. ಸೋಮವಾರದಿಂದ ವೈಜನಾಥ ಐದರವರೆಗೆ ಕುಳಿತ. ಮೂರು ಹೊಡೆದಾಗ ಕಾಲು ತಾನಾಗಿಯೇ ಎದ್ದು ನಿಲ್ಲುತ್ತಿತ್ತು. ಹೇಗೂ ಎದ್ದಿದ್ದಾನಲ್ಲ ಎಂದು ಜೊತೆಯವರು ಅವನಿಂದ ಮೇಲಿನ ಕಪಾಟಿನ ಫೈಲು ಇಳಿಸಿಕೊಳ್ಳುತ್ತಿದ್ದರು.

ಸೆಮಿಫೈನಲ್ ದಿನ ಆ ಒಂದು ರಜೆ ಹಾಕಿ, ಎಲ್ಲರಿಗಿಂತ ಮೊದಲೇ ಹೋಗಿ ಮುಂದಿನ ಸಾಲು ಹಿಡಿದ. ಆಟ ಶುರುವಾದದ್ದೇ ಹಿಂದಿನಿಂದ ಯಾರೋ, ಉದ್ದನೆಯವನೇ ಕೂತುಕೋ ಎಂದು ಕೂಗಿದರು: "ಏ ಲಂಬೂ, ಬೈಠ್ ಜಾವ್!"

ವೈಜನಾಥ ಮೊದಲಿನಿಂದಲೂ ಕುಳಿತೇ ಇದ್ದ.