ಹುಲಗಪ್ಪ ಬೀಡಿ ಬಿಟ್ಟದ್ದು

ತೊಂಬತ್ತೆಂಟನೆಯ ಇಸವಿ. ಮುಂಬಯಿ ಹತ್ತಿರದ ಶಹಾಡ್‌ನ ಬಣ್ಣದ ಗೋದಾಮಿನ ವಾಚ್‌ಮನ್ ಹುಲಗಪ್ಪ ಕುರ್ಚಿಯಲ್ಲಿ ಕೂತು ನಿದ್ದೆ ಹೋಗಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಆ ಸಾಲಿನ ವಾಚ್‌ಮನ್‌ಗಳೆಲ್ಲ ಮಾಡುವುದೇ ಅದು. ಆದರೆ ಅವನು ಗೇಟು ಹಿಡಿದು ನಿಂತಲ್ಲೇ ನಿದ್ದೆ ಹೋದ. ಲಾರಿಯವನು ಗೇಟು ತಳ್ಳಿದಾಗ ಗೇಟಿನ ಜೊತೆಗೇ ಒಳಗೆ ಹೋದ. ಇನ್ನೊಂದು ಸಲ ಹೀಗಾದರೆ ಕೆಲಸ ಇಲ್ಲವೆಂದು ಗೋದಾಮಿನ ಮಾಲೀಕ ಶೇಠ್ ಹೇಳಿಕಳಿಸಿದ.

ಹೆಂಡತಿ ಶರಣಬಸಮ್ಮನಿಗೆ ದಿಕ್ಕು ತೋಚಲಿಲ್ಲ. ಗಂಡ ಮಾಡಿದ್ದು ಒಳ್ಳೆಯದನ್ನೇ. ಹಿಂದಿನ ತಿಂಗಳು ಕಲಬುರಗಿ ಕಡೆಯ ಸ್ವಾಮಿಗಳು ಇವರು ವಾಸವಿದ್ದ ಚಾಳ್‌ಗೆ ಬಂದು, ಜೋಳಿಗೆ ಒಡ್ಡಿ, "ನಿಮ್ಮ ಚಟ ಇದರಾಗ ಹಾಕ್ರಿ" ಎಂದಿದ್ದರು. ದಿನಕ್ಕೆ ಎರಡು ಕಟ್ಟು ಸೇದುತ್ತಿದ್ದ ಹುಲಗಪ್ಪ ಬೀಡಿ, ಕಡ್ಡಿಪೆಟ್ಟಿಗೆ, ಕಿವಿಯ ಮೇಲಿಟ್ಟ ಮೋಟುಬೀಡಿ, ಎಲ್ಲ ಹಾಕಿಬಿಟ್ಟಿದ್ದ. ಆಮೇಲೆಯೇ ಈ ಮಂಪರು, ತೊದಲು, ದಿಂಬು ತೋಯುವಷ್ಟು ಜೊಲ್ಲು.

"ಸ್ವಾಮಿಗಳ ಆಶೀರ್ವಾದದಿಂದ ಶಾಂತ ಆಗ್ಯಾನ. ಇನ್ನ ಆ ತಲಿ ಗುಳಿಗಿ ಯಾಕಬೇ? ಬಿಡಸು," ಎಂದಳು ಪಕ್ಕದ ಮನೆಯ ಭೀಮಮ್ಮ.

ಗುಳಿಗೆ ಸುರುವಾಗುವ ಮೊದಲು ಹುಲಗಪ್ಪ, ಗೋಡೆಯೊಳಗೆ ಯಾರೋ ಕೂತು ಬೈಯುತ್ತಾರೆಂದು ಆ ಗೋಡೆಯನ್ನೇ ಅರ್ಧ ಕೆಡವಿದ್ದ. ಶರಣಬಸಮ್ಮ ಅದನ್ನು ಮರೆತಿರಲಿಲ್ಲ. ಶೇಠ್‌ನ ಕೈಕಾಲು ಹಿಡಿದು ರಜೆ ಕೇಳಿಕೊಂಡು, ಗಂಡನನ್ನು ಆ ಗುಳಿಗೆ ಬರೆದುಕೊಟ್ಟಿದ್ದ ಠಾಣೆ ಊರಿನ ಮಾನಸಿಕ ಆಸ್ಪತ್ರೆಗೆ ಎಳೆದೊಯ್ದಳು.

ಉಡುಪಿ ಕಡೆಯ ಡಾಕ್ಟರ್ ಲೀಲಾಧರ ಅವನನ್ನು ವಾರ್ಡಿನಲ್ಲೇ ಇರಿಸಿಕೊಂಡು, ರಕ್ತ ತೆಗೆಸಿ ಮುಂಬಯಿಗೆ ಕಳಿಸಿದರು. ರಿಪೋರ್ಟ್ ಬಂದ ದಿನ ಶರಣಬಸಮ್ಮನನ್ನು ಕರೆದರು.

"ನೋಡು ಮಾರಾಯ್ತಿ, ಈ ಗುಳಿಗೆ ರಕ್ತದಲ್ಲಿ ಇಷ್ಟಿದ್ದರೆ ಔಷಧ, ಮೇಲೆ ಹೋದರೆ ವಿಷ. ಇವನದ್ದು ಮೇಲೆ ಹೋಗಿದೆ. ಮನೆಯಲ್ಲಿ ಎಷ್ಟು ಕೊಡ್ತಿದ್ದೆ?"

"ನೀವು ಬರದಷ್ಟಽ ರೀ! ನಾಲಿಗಿ ಮ್ಯಾಲ ನಾನಽ ಇಡತೀನಿ, ನುಂಗಿದ ಮ್ಯಾಲ ಬಾಯಿ ತೆರಸಿ ನೋಡತೀನಿ."

"ಬೇರೆ ಔಷಧ? ಬೇರು ಗೀರು?"

"ಇಲ್ರೀ."

"ಹೊಸತು ಏನೂ ಇಲ್ಲ. ಹಳತು ಏನಾದ್ರೂ ಬಿಟ್ಟದ್ದುಂಟಾ?"

ಶರಣಬಸಮ್ಮನ ಮುಖ ಅರಳಿತು. "ಬೀಡಿ ಬಿಟ್ಟಾನ್ರಿ!"

ಡಾಕ್ಟರು ಹಣೆ ಚಚ್ಚಿಕೊಂಡರು. ಬೀಡಿ ಬಿಟ್ಟದ್ದಕ್ಕೆ ಹಣೆ ಚಚ್ಚಿಕೊಂಡವರನ್ನು ಅವಳು ನೋಡಿದ್ದು ಅದೇ ಮೊದಲು.

"ಅದೇ ಮತ್ತೆ! ಬೀಡಿಯ ಹೊಗೆಯಿಂದಾಗಿ ಈ ಗುಳಿಗೆ ಮೈಯಲ್ಲಿ ಬೇಗ ಬೇಗ ಕರಗಿ ಹೋಗ್ತಿತ್ತು. ಅದಕ್ಕೇ ಅಷ್ಟು ದೊಡ್ಡ ಡೋಸ್ ಬೇಕಿತ್ತು. ಈಗ ಹೊಗೆ ಇಲ್ಲ, ಗುಳಿಗೆ ಒಳಗೇ ಉಳೀತದೆ. ನುಂಗುದು ಅಷ್ಟೇ, ರಕ್ತದಲ್ಲಿ ಮಾತ್ರ ಹೆಚ್ಚು."

ತೂಕಡಿಸುತ್ತಿದ್ದ ಹುಲಗಪ್ಪ ಒಂದು ಕಣ್ಣು ತೆರೆದ. "ಹಂಗಾದ್ರ ಸಾಹೇಬ್ರ, ಚೀಟಿದಾಗ ಬೀಡಿ ಬರದು ಕೊಡ್ರಿ. ಊಟ ಆದ ಮ್ಯಾಲ ತಗೋತೀನಿ."

"ಬಾಯಿ ಮುಚ್ಚು! ಸ್ವಾಮಿಗಳ ಜೋಳಿಗ್ಯಾಗ ಕೈ ಹಾಕಾಂವ ನೀ ಒಬ್ಬನಽ!" ಎಂದು ಹೆಂಡತಿ ಗದರಿದಳು.

ಡಾಕ್ಟರು ಬೀಡಿ ಬರೆಯಲಿಲ್ಲ, ಗುಳಿಗೆಯ ಡೋಸ್ ಇಳಿಸಿದರು. "ಬಿಟ್ಟದ್ದು ಬಿಟ್ಟೇ ಇರಲಿ. ಕದ್ದು ಸೇದಿದರೆ ಗುಳಿಗೆ ಸಾಲದೆ ಗೋಡೆಯವ ಪುನಃ ಬೈಲಿಕ್ಕೆ ಸುರು ಮಾಡ್ತಾನೆ."

ಮತ್ತೆ ರಕ್ತ ನೋಡಿದಾಗ ಲೆಕ್ಕ ಬೇಕಾದ ಜಾಗಕ್ಕೆ ಇಳಿದಿತ್ತು. ಹುಲಗಪ್ಪ ಕೆಲಸಕ್ಕೆ ಹೋದ. ಎಚ್ಚರ ಎಷ್ಟಿತ್ತೆಂದರೆ, ಮೊದಲ ದಿನವೇ ಶೇಠ್‌ನ ಕಾರನ್ನು ಅಡ್ಡಗಟ್ಟಿ ಗೇಟ್‌ಪಾಸ್ ಕೇಳಿದ. ಬುತ್ತಿ ತಂದಿದ್ದ ಶರಣಬಸಮ್ಮ ಅಲ್ಲೇ ನಿಂತಿದ್ದಳು.

"ಬಾಯಿ, ಇಸ್ಕೋ ಏಕ್ ಗೋಲಿ ಜ್ಯಾದಾ ಖಿಲಾ!" ಇವನಿಗೆ ಒಂದು ಗುಳಿಗೆ ಜಾಸ್ತಿ ತಿನ್ನಿಸು ಎಂದು ಶೇಠ್ ಕಿಟಕಿಯಿಂದ ಅವಳಿಗೆ ಕೂಗಿದ.

"ಗೋಲಿ ಡಾಕ್ಟರ್ ಖೂನ್ ದೇಖ್‌ಕೆ ದೇಗಾ, ಶೇಠ್. ತುಮ್ ಪಾಸ್ ದಿಖಾವ್." ರಕ್ತ ನೋಡಿ ಗುಳಿಗೆ ಕೊಡುವವರು ಡಾಕ್ಟರು, ನೀನು ಪಾಸ್ ತೋರಿಸು ಎಂದಳು ಶರಣಬಸಮ್ಮ.

ಶೇಠ್ ಜೇಬು ತಡಕಾಡತೊಡಗಿದ.